ರೆಕ್ಕೆ ಕಟ್ಟಿಕೊಂಡ ಪ್ಲಿಮತ್

ಶಿವಮೊಗ್ಗದಿಂದ ಭದ್ರಾವತಿಗೆ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರು. ಬಸ್ಸಿನಲ್ಲಿ ಕುಳಿತವರಿಗೆ, ನಡುವಣ ನಿಲುಗಡೆಗಳೂ ಸೇರಿ, ಈ ಪ್ರಯಾಣಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯವೆನಿಸದು. ಇಷ್ಟೇ ದೂರವನ್ನು ಮೂರು ನಿಮಿಷ ನಲವತ್ತಮೂರು ಸೆಕೆಂಡುಗಳಲ್ಲಿ ದಾಟಬಲ್ಲ ಕಾರೊಂದು ಅರ್ಧ ಶತಮಾನಕ್ಕೂ ಹಿಂದೆಯೇ ಇತ್ತೆಂದರೆ ವಾಚಕರು ನಂಬುವರೆ? 1970ನೆಯ ಇಸವಿ ಮಾರ್ಚ್ 24ರಂದು, ಅಮೆರಿಕದ ಅಲಬಾಮ ಸಂಸ್ಥಾನದ ಟ್ಯಾಲಡೀಗ ಎಂಬ ಪಂದ್ಯದ ಅಂಗಣದಲ್ಲಿ, ಬಡ್ಡಿ ಬೇಕರ್ ಎಂಬ ಚಾಲಕನು ಡಾಡ್ಜ್ ಚಾರ್ಜರ್ ಡೇಟೋನ ಎಂಬ ಕಾರನ್ನು ಗಂಟೆಗೆ 200.447 ಮೈಲಿ, ಅಂದರೆ ಸುಮಾರು 322 ಕಿಲೋಮೀಟರು ವೇಗದಲ್ಲಿ ಓಡಿಸಿದನು. ಸುತ್ತುದಾರಿಯ ಮೇಲೆ ಈ ವರ್ಗದ ಕಾರೊಂದು ಇನ್ನೂರು ಮೈಲಿಯ ಗೆರೆಯನ್ನು ದಾಟಿದ್ದು ಅದೇ ಮೊದಲು.

ಆ ಕಾರಿಗೆ ಒಬ್ಬ ತಮ್ಮನಿದ್ದಾನೆ. ಅವನ ಹೆಸರು ಪ್ಲಿಮತ್ ಸೂಪರ್‌ಬರ್ಡ್. ಎರಡನ್ನೂ ನಿರ್ಮಿಸಿದ್ದು ಕ್ರೈಸ್ಲರ್ ಸಂಸ್ಥೆ. ಎರಡರ ರೂಪವೂ ವಿಚಿತ್ರ. ಮುಂದೆ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಚಾಚಿದ ಒಂದೂವರೆ ಅಡಿಯ ಮೂತಿ. ಹಿಂದೆ ಎರಡು ಕಂಬಗಳ ಮೇಲೆ ಎತ್ತರಕ್ಕೆ ನಿಲ್ಲಿಸಿದ ಅಡ್ಡ ರೆಕ್ಕೆ. ಪಂದ್ಯದ ಕಾರುಗಳಿಗೆ ಇಂಥ ವೇಷ ಸಹಜವೆನ್ನಬಹುದು. ಆದರೆ ಕ್ರೈಸ್ಲರ್ ಸಂಸ್ಥೆಯು ಇದೇ ಕಾರನ್ನು ಅಂಗಡಿಯಲ್ಲಿಟ್ಟು ಸಾಮಾನ್ಯ ಗೃಹಸ್ಥರಿಗೆ ಮಾರಿತು! ಗಂಟೆಗೆ ಅರವತ್ತು ಮೈಲಿಗೆ ಮೀರಿ ಓಡಿಸಲು ಹಲವೆಡೆ ಅನುಮತಿಯೇ ಇಲ್ಲದ ರಸ್ತೆಗಳಿಗೆ ಇನ್ನೂರು ಮೈಲಿಯ ರೆಕ್ಕೆ ಏತಕ್ಕೆ? ಇದರ ಉತ್ತರದಲ್ಲಿ ಭೌತವಿಜ್ಞಾನವೂ ಉಂಟು, ಎರಕದ ಕಸುಬೂ ಉಂಟು, ಒಂದು ಪಂದ್ಯದ ನಿಯಮದ ತಮಾಷೆಯೂ ಉಂಟು.

ಈ ಅಮೆರಿಕನ್ ಕಾರಿನ ಕಥೆಗೆ ಭದ್ರಾವತಿಯ ಹೆಸರನ್ನು ನಾವು ಸುಮ್ಮನೆ ತಂದಿಲ್ಲ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯನ್ನು ಕಲ್ಪಿಸಿದವರು ದಿವಾನ್ ವಿಶ್ವೇಶ್ವರಯ್ಯನವರು. ಟಾಟಾ ಕಾರ್ಖಾನೆಗೂ ಸಲಹೆಗಾರರಾಗಿದ್ದ ನ್ಯೂಯಾರ್ಕಿನ ಎಂಜಿನಿಯರ್ ಪೆರಿನ್ನರ ಸಲಹೆ ಪಡೆದು, 1918ರಲ್ಲಿ ಕೆಲಸ ಆರಂಭವಾಗಿ, 1923ರಲ್ಲಿ ಭದ್ರಾವತಿಯ ಊದುಕುಲುಮೆಯಿಂದ ಕಬ್ಬಿಣ ಹರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣ ಮಾಡುವ ಉಪಾಯವದು. ಅದೇ ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ಕೈಗಾರಿಕೆಯನ್ನು ಅಭ್ಯಸಿಸಿ ಬಂದು, ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು ಪಟ್ಟು ಹಿಡಿದರು. ಯುದ್ಧಕಾಲದ ಸರ್ಕಾರದ ಒತ್ತಾಸೆ ದೊರೆಯದೆ ಆ ಯೋಜನೆ ಹಿಂದೆ ಬಿದ್ದಿತು. ಕೊನೆಗೆ ಅವರ ಜೊತೆಗಾರರಾಗಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿ, ಇದೇ ಕ್ರೈಸ್ಲರ್ ಸಂಸ್ಥೆಯ ಸಹಕಾರದಿಂದ 1947ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಡಾಡ್ಜ್, ಡಿಸೋಟೊ, ಪ್ಲಿಮತ್ ಕಾರುಗಳನ್ನು ಜೋಡಿಸತೊಡಗಿದರು. ನಮ್ಮ ಅಜ್ಜಂದಿರ ಕಾಲದವರಿಗೆ ಪ್ಲಿಮತ್ ಎಂಬ ಹೆಸರು ಪರಕೀಯವಾಗಿರಲಿಲ್ಲ. ಆ ಕಾಲದ ದೊಡ್ಡ ಕಾರುಗಳ ಮೈಕಟ್ಟನ್ನು ಕಣ್ಣಾರೆ ಕಾಣಬಯಸುವವರು ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೋಡಬಹುದು.

ಆದರೆ ಭಾರತಕ್ಕೆ ಬಂದ ಪ್ಲಿಮತ್ ಸಾಧು ಸ್ವಭಾವದ್ದು. 1960ರ ದಶಕದಲ್ಲಿ ಅಮೆರಿಕದಲ್ಲಿ ಬೇರೊಂದು ಜಾತಿ ಹುಟ್ಟಿಕೊಂಡಿತು. ಮಧ್ಯಮ ಗಾತ್ರದ, ಹೆಚ್ಚು ಬೆಲೆಯಿಲ್ಲದ ಕಾರಿನೊಳಗೆ, ದೊಡ್ಡ ಕಾರಿಗೆಂದು ಮಾಡಿದ ಬೃಹತ್ ಎಂಜಿನ್ನನ್ನು ತುರುಕುವುದು. ಇಷ್ಟೇ ಅದರ ಸೂತ್ರ. 1964ರ ಪಾಂಟಿಯಾಕ್ ಜಿ.ಟಿ.ಓ. ಈ ಸೂತ್ರವನ್ನು ಜನಪ್ರಿಯಗೊಳಿಸಿತು. ಇಂಥವನ್ನು ಅಲ್ಲಿಯವರು ಮಸಲ್ ಕಾರ್ ಎಂದು ಕರೆದರು. ಗರಡಿಯಲ್ಲಿ ಪಳಗಿದ ಜಟ್ಟಿಯ ತೋಳನ್ನು ನೆನೆದರೆ ಆ ಹೆಸರಿನ ಭಾವ ತಿಳಿಯುತ್ತದೆ. ಕ್ರೈಸ್ಲರ್ ಸಂಸ್ಥೆಯ ಜಟ್ಟಿಗೆ ಹೆಮಿ ಎಂದು ಹೆಸರು.

ಗುಮ್ಮಟದ ಕೆಳಗೆ ಬೆಂಕಿ

ಪೆಟ್ರೋಲ್ ಎಂಜಿನ್ನಿನ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಪಾಠದಲ್ಲಿ ಓದಿಯೇ ಇರುತ್ತಾರೆ. ಸಿಲಿಂಡರಿನೊಳಗೆ ಗಾಳಿ ಪೆಟ್ರೋಲುಗಳ ಮಿಶ್ರಣ ಬರುತ್ತದೆ, ಪಿಸ್ಟನ್ನು ಅದನ್ನು ಒತ್ತುತ್ತದೆ, ಕಿಡಿ ಹಾರುತ್ತದೆ, ಉರಿದ ಅನಿಲ ಪಿಸ್ಟನ್ನನ್ನು ದೂಡುತ್ತದೆ, ಹೊಗೆ ಹೊರಹೋಗುತ್ತದೆ. ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಮಿಶ್ರಣವನ್ನು ಬೇಗ ಬೇಗ ಒಳಗೆ ತರಬೇಕು, ಬೇಗ ಬೇಗ ಹೊರದೂಡಬೇಕು. ಇದು ಬಾಗಿಲುಗಳ ಪ್ರಶ್ನೆ. ಎಂಜಿನ್ನಿನ ಬಾಗಿಲುಗಳೇ ಕವಾಟಗಳು.

ಹೆಮಿ ಎಂಜಿನ್ನಿನ ಸಿಲಿಂಡರಿನ ವ್ಯಾಸ 4.25 ಅಂಗುಲ. ಒಳಬರುವ ಕವಾಟದ ವ್ಯಾಸ 2.25 ಅಂಗುಲ, ಹೊರಹೋಗುವ ಕವಾಟದ ವ್ಯಾಸ 1.94 ಅಂಗುಲ. ಎರಡನ್ನೂ ಕೂಡಿದರೆ 4.19. ಸಿಲಿಂಡರಿನ ಮೇಲ್ಚಾವಣಿ ಚಪ್ಪಟೆಯಾಗಿದ್ದರೆ ಈ ಎರಡು ವೃತ್ತಗಳು ಒಂದನ್ನೊಂದು ಒತ್ತಿಕೊಂಡು ಅಂಚಿನಿಂದ ಅಂಚಿಗೆ ಹರಡಿರುತ್ತಿದ್ದವು. ಅವುಗಳ ನಡುವೆ ಲೋಹಕ್ಕೆ ಕೂದಲೆಳೆಯಷ್ಟೇ ಜಾಗ. ಹಾಗೆ ಮಾಡಲಾಗದು. ಆದರೆ ಚಾವಣಿಯನ್ನು ಗುಮ್ಮಟದಂತೆ ಬಾಗಿಸಿದರೆ ಮೇಲ್ಮೈ ಹಿಗ್ಗುತ್ತದೆ. ಗೋಳಾರ್ಧದ ಬಾಗಿದ ಮೇಲ್ಮೈಯು ಅದರ ಬುಡದ ವೃತ್ತದ ಎರಡರಷ್ಟು ವಿಸ್ತೀರ್ಣವುಳ್ಳದ್ದೆಂದು ಜ್ಯಾಮಿತಿಯಲ್ಲಿ ಕಲಿತಿದ್ದೇವಲ್ಲವೆ? ಹೆಮಿಯ ಚಾವಣಿ ಪೂರ್ಣ ಗೋಳಾರ್ಧವಲ್ಲ, ಅದರ ಒಂದು ಭಾಗ ಮಾತ್ರ, ಆದರೂ ಲಾಭವುಂಟು. ಎರಡು ಕವಾಟಗಳೂ ಗುಮ್ಮಟದ ಎರಡು ಇಳಿಜಾರುಗಳಲ್ಲಿ ಎದುರುಬದುರಾಗಿ ಓರೆಯಾಗಿ ಕೂರುತ್ತವೆ. ಒಂದು ಕಡೆಯಿಂದ ನುಗ್ಗಿದ ಗಾಳಿ ಇನ್ನೊಂದು ಕಡೆಗೆ ಹೆಚ್ಚು ತಿರುವಿಲ್ಲದೆ ಹಾಯುತ್ತದೆ. ಕಿಡಿ ಹಚ್ಚುವ ಪ್ಲಗ್ಗು ಗುಮ್ಮಟದ ನಡುವಿನಲ್ಲಿ ನಿಂತು ಬೆಂಕಿ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಗೋಳಾರ್ಧವನ್ನು ಇಂಗ್ಲಿಷಿನಲ್ಲಿ ಹೆಮಿಸ್ಫಿಯರ್ ಎನ್ನುವುದರಿಂದ ಎಂಜಿನ್ನಿಗೆ ಹೆಮಿ ಎಂಬ ಅಡ್ಡಹೆಸರು ಬಂದಿತು.

ಅಂಥ ಎಂಟು ಸಿಲಿಂಡರುಗಳು, ಎರಡು ಸಾಲಿನಲ್ಲಿ, ವಿ ಅಕ್ಷರದಂತೆ. ಒಟ್ಟು ಗಾತ್ರ 426 ಘನ ಅಂಗುಲ, ಎಂದರೆ ಸುಮಾರು 6,980 ಘನ ಸೆಂಟಿಮೀಟರು. ಇದರ ಅಳತೆಯನ್ನು ಮನಗಾಣಲು ಪ್ರೀಮಿಯರ್ ಸಂಸ್ಥೆಯೇ ಮುಂದೆ ತಯಾರಿಸಿದ ಪದ್ಮಿನಿ ಕಾರನ್ನು ನೆನೆಯೋಣ. ಅದರ ಎಂಜಿನ್ನು 1,089 ಘನ ಸೆಂಟಿಮೀಟರು, ಅಶ್ವಶಕ್ತಿ 40ರ ಆಸುಪಾಸು. ಆರೂಕಾಲು ಪದ್ಮಿನಿಗಳನ್ನು ಒಟ್ಟುಗೂಡಿಸಿದರೂ ಗಾತ್ರದಲ್ಲಿ ಒಂದು ಹೆಮಿಗೆ ಸ್ವಲ್ಪ ಸಾಲದು. ರಸ್ತೆಗೆ ಮಾರಿದ ಹೆಮಿಗೆ ಕಂಪನಿ ಘೋಷಿಸಿದ ಸಾಮರ್ಥ್ಯ 425 ಅಶ್ವಶಕ್ತಿ. ಶಕ್ತಿಯಲ್ಲಿ ಅದು ಹತ್ತಕ್ಕೂ ಹೆಚ್ಚು ಪದ್ಮಿನಿಗಳಿಗೆ ಸಮ.

ಈಗ ಭದ್ರಾವತಿಯ ಹುಡುಗರಿಗೆ ಸ್ವಾರಸ್ಯವೆನಿಸುವ ಸಂಗತಿಗೆ ಬರೋಣ. ಈ ಎಂಟು ಸಿಲಿಂಡರುಗಳನ್ನು ಹೊತ್ತ ಒಡಲು, ಬ್ಲಾಕ್ ಎಂದು ಕರೆಯುವ ಭಾಗ, ಎರಕದ ಕಬ್ಬಿಣದ್ದು. ಉಕ್ಕಿನದಲ್ಲ. ಉಕ್ಕಿಗೆ ಹೋಲಿಸಿದರೆ ಎರಕದ ಕಬ್ಬಿಣ ಪೆಡಸು, ಬಡಿದರೆ ಒಡೆಯುವಂಥದು. ಹಾಗಿದ್ದೂ ಅದನ್ನೇಕೆ ಆರಿಸುತ್ತಾರೆ? ಅದರಲ್ಲಿ ನೂರಕ್ಕೆ ಮೂರಕ್ಕೂ ಹೆಚ್ಚು ಪಾಲು ಇಂಗಾಲವಿದ್ದು, ಶುದ್ಧ ಕಬ್ಬಿಣ 1,538 ಡಿಗ್ರಿಯಲ್ಲಿ ಕರಗಿದರೆ ಇದು ಸುಮಾರು 1,200 ಡಿಗ್ರಿಯಲ್ಲಿಯೇ ನೀರಿನಂತಾಗುತ್ತದೆ. ಅಚ್ಚಿನ ಸಂದುಗೊಂದುಗಳಿಗೆಲ್ಲ ಹರಿಯುತ್ತದೆ. ಗಟ್ಟಿಯಾಗುವಾಗ ಆ ಇಂಗಾಲದ ಬಹುಭಾಗ ಗ್ರಾಫೈಟಿನ ಸಣ್ಣ ಹಾಳೆಗಳಾಗಿ ಲೋಹದೊಳಗೆ ಉಳಿಯುತ್ತದೆ. ಪೆನ್ಸಿಲಿನ ಕಡ್ಡಿಯ ಗ್ರಾಫೈಟೇ ಇದು. ಈ ಹಾಳೆಗಳು ಅದುರುವಿಕೆಯನ್ನು ನುಂಗುತ್ತವೆ. ಪಿಸ್ಟನ್ನು ಉಜ್ಜುವ ಗೋಡೆಗೆ ಸ್ವಲ್ಪ ನುಣುಪನ್ನೂ ಕೊಡುತ್ತವೆ. ಗ್ರಾಫೈಟು ಹೀಗೆ ಬೇರೆಯಾಗಲು ಸಿಲಿಕಾನಿನ ಸಹಾಯ ಬೇಕು. ಆ ಸಿಲಿಕಾನನ್ನು ಎರಕದ ಮನೆಗಳು ಫೆರ್ರೊಸಿಲಿಕಾನ್ ರೂಪದಲ್ಲಿ ಬೆರೆಸುತ್ತವೆ. ಭದ್ರಾವತಿಯಲ್ಲಿ 1940ರ ದಶಕದಿಂದ ತಯಾರಾದ ವಸ್ತುಗಳಲ್ಲಿ ಅದೂ ಒಂದು. ಇದ್ದಿಲಿನಿಂದ ಮಾಡಿದ ಭದ್ರಾವತಿಯ ಕಬ್ಬಿಣದಲ್ಲಿ ಗಂಧಕದ ಕಲ್ಮಷ ತೀರ ಕಡಿಮೆ. ಎರಕದವರು ಅದನ್ನು ಮೆಚ್ಚುತ್ತಿದ್ದುದಕ್ಕೆ ಇದೇ ಕಾರಣ.

ಭದ್ರಾವತಿಯಲ್ಲಿ ಊರುಗಳಿಗೆ ನೀರೊಯ್ಯುವ ಎರಕದ ಕೊಳವೆಗಳು ತಯಾರಾಗುತ್ತಿದ್ದವು. ಮರಳಿನ ಅಚ್ಚಿನಲ್ಲಿ ಕೊಳವೆ ಎರೆಯಬೇಕಾದರೆ ನಡುವೆ ಪೊಳ್ಳು ಉಳಿಯುವುದು ಹೇಗೆ? ಪೊಳ್ಳಿನ ಆಕಾರದ್ದೇ ಆದ ಮರಳಿನ ತಿರುಳೊಂದನ್ನು ಅಚ್ಚಿನ ನಡುವೆ ನಿಲ್ಲಿಸಿ, ಅದರ ಸುತ್ತ ಕಬ್ಬಿಣ ಸುರಿಯುತ್ತಾರೆ. ಎರಕದವರು ಇದನ್ನು ಕೋರ್ ಎನ್ನುತ್ತಾರೆ. ಲೋಹ ತಣಿದ ಮೇಲೆ ತಿರುಳನ್ನು ಒಡೆದು ಉದುರಿಸಿದರಾಯಿತು. ತಿರುಳು ದಪ್ಪವಾದರೆ ಗೋಡೆ ತೆಳ್ಳಗೆ, ತಿರುಳು ಸಣ್ಣದಾದರೆ ಗೋಡೆ ದಪ್ಪ. ಎಂಜಿನ್ನಿನ ಒಡಲೂ ಇಂಥದೇ ಕೆಲಸ, ಆದರೆ ಹೆಚ್ಚು ಜಟಿಲ: ಸಿಲಿಂಡರುಗಳಿಗೆ ಪೊಳ್ಳು, ಅವುಗಳ ಸುತ್ತ ತಂಪಿಸುವ ನೀರು ಹರಿಯಲು ಮತ್ತೊಂದು ಪೊಳ್ಳು. ಎರಡರ ನಡುವಣ ಗೋಡೆ ಒಂದು ಕಡೆ ಬೆಂಕಿಯನ್ನೂ ಒಂದು ಕಡೆ ನೀರನ್ನೂ ತಡೆಯಬೇಕು.

1964ರ ಜನವರಿಯ ಹೊತ್ತಿಗೆ ಹೆಮಿ ಸಿದ್ಧವಾಗಿತ್ತು. ಫೆಬ್ರವರಿ 23ಕ್ಕೆ ಫ್ಲಾರಿಡದ ಡೇಟೋನದಲ್ಲಿ ಐನೂರು ಮೈಲಿಯ ಮಹಾಪಂದ್ಯ. ಪರೀಕ್ಷೆಯಲ್ಲಿ ಎಂಜಿನ್ನನ್ನು ಪಂದ್ಯದ ಬಿರುಸಿನಲ್ಲಿ ಗಂಟೆಗಟ್ಟಲೆ ಓಡಿಸಿದಾಗ ಸಿಲಿಂಡರಿನ ಗೋಡೆ ಬಿರುಕು ಬಿಟ್ಟಿತು. ಪಿಸ್ಟನ್ನು ಕೆಳಗಿಳಿಯುವಾಗ ನೇರವಾಗಿ ಇಳಿಯುವುದಿಲ್ಲ. ಕೂಡುಸಲಾಕೆಯ ಓರೆಯಿಂದಾಗಿ ಗೋಡೆಯ ಒಂದು ಪಕ್ಕವನ್ನು ಜೋರಾಗಿ ಒತ್ತುತ್ತದೆ. ಬಿರುಕು ಬಿಟ್ಟಿದ್ದು ಆ ಪಕ್ಕವೇ. ಲೆಕ್ಕ ತಪ್ಪಿರಲಿಲ್ಲ, ಶಕ್ತಿ ಕಡಿಮೆಯಿರಲಿಲ್ಲ, ಕಬ್ಬಿಣ ಮಾತ್ರ ಎರಡು ನೂಲಿನಷ್ಟು ಸಾಲದಾಗಿತ್ತು. ಹೊಸ ಅಚ್ಚು ಮಾಡಲು ಸಮಯವಿಲ್ಲ. ಆಗ ನೀರಿನ ಪೊಳ್ಳಿನ ಮರಳ ತಿರುಳುಗಳನ್ನೇ ಕೈಯಿಂದ ಅರ ಹಾಕಿ ಸವೆಸಿ, ಬೇಕಾದೆಡೆ ಗೋಡೆ ದಪ್ಪ ಬರುವಂತೆ ಮಾಡಿ, ಹೊಸ ಒಡಲುಗಳನ್ನು ಎರೆದರು. ಪಂದ್ಯಕ್ಕೆ ಆಗ ಉಳಿದದ್ದು ದಿನಗಳು ಮಾತ್ರ. ಆ ಒಡಲುಗಳೊಡನೆ ಪ್ಲಿಮತ್ ಕಾರುಗಳು ಮೊದಲ ಮೂರೂ ಸ್ಥಾನಗಳನ್ನು ಗೆದ್ದವು. ಮೊದಲಿಗನು ರಿಚರ್ಡ್ ಪೆಟ್ಟಿ. ಆ ಪಂದ್ಯದ ಕೀರ್ತಿ ಚಾಲಕನಿಗೂ ಎಂಜಿನಿಯರರಿಗೂ ಹೋಯಿತು. ಅರ ಹಿಡಿದು ಮರಳು ಉಜ್ಜಿದ ಎರಕದವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ನಮಗೆ ಇದು ನ್ಯಾಯವೆಂದು ತೋರುವುದಿಲ್ಲ.

ಅಂಗಡಿಯ ಕಾರು, ಪಂದ್ಯದ ಕಾರು

ಈ ಗೆಲುವೇ ಗಲಾಟೆಗೆ ಮೂಲವಾಯಿತು. ಅಮೆರಿಕದ ಈ ಪಂದ್ಯಗಳನ್ನು ನಡೆಸುವ ಸಂಸ್ಥೆಗೆ ನ್ಯಾಸ್ಕಾರ್ ಎಂದು ಹೆಸರು. 1948ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಪಟ್ಟಾಗಿ ಹಿಡಿದ ಮಾತು ಇದು: ಇಲ್ಲಿ ಓಡುವ ಕಾರು ಅಂಗಡಿಯಲ್ಲಿ ಸಿಕ್ಕುವ ಕಾರಾಗಿರಬೇಕು. ಪ್ರೇಕ್ಷಕನು ಭಾನುವಾರ ಗೆದ್ದ ಕಾರನ್ನು ಸೋಮವಾರ ಕೊಳ್ಳುವಂತಿರಬೇಕು. ಹೆಮಿ ಎಂಜಿನ್ನು ಅಂಗಡಿಯಲ್ಲಿ ಸಿಕ್ಕುತ್ತಿರಲಿಲ್ಲ. ಆದ್ದರಿಂದ 1965ರಲ್ಲಿ ಅದಕ್ಕೆ ಬಹಿಷ್ಕಾರ ಬಿದ್ದಿತು. ಕ್ರೈಸ್ಲರಿನವರು ಒಂದು ವರ್ಷ ಮುನಿಸಿಕೊಂಡಿದ್ದು, 1966ರಲ್ಲಿ ಹೆಮಿಯನ್ನು ರಸ್ತೆಯ ಕಾರುಗಳಲ್ಲಿಟ್ಟು ಮಾರತೊಡಗಿದರು. ನಿಯಮ ತೃಪ್ತವಾಯಿತು, ಅಮೆರಿಕದ ಯುವಕರಿಗಂತೂ ಹಬ್ಬವಾಯಿತು.

ರೆಕ್ಕೆಯ ಕಾರುಗಳು ಹುಟ್ಟಿದ್ದೂ ಇದೇ ನಿಯಮದ ಹೊಟ್ಟೆಯಲ್ಲಿ. ಅಷ್ಟರಲ್ಲಿ ಎದುರಾಳಿಯಾದ ಫೋರ್ಡ್ ಸಂಸ್ಥೆಯೂ ದೊಡ್ಡ ಎಂಜಿನ್ನುಗಳನ್ನು ತಂದಿತ್ತು. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುತ್ತಾ ಹೋದರೂ ವೇಗ ಅದಕ್ಕೆ ತಕ್ಕಂತೆ ಏರುತ್ತಿರಲಿಲ್ಲ. ಏಕೆಂದರೆ ಜಟ್ಟಿಯ ನಿಜವಾದ ಎದುರಾಳಿ ಇನ್ನೊಂದು ಕಾರಲ್ಲ, ಗಾಳಿ.

ಸೈಕಲ್ಲಿನಲ್ಲಿ ಎದುರುಗಾಳಿಗೆ ತುಳಿದವರಿಗೆಲ್ಲ ಗಾಳಿಯ ತಡೆ ಗೊತ್ತು. ಅದರ ಲೆಕ್ಕ ಹೀಗಿದೆ. ವೇಗ ಎರಡರಷ್ಟಾದರೆ ಗಾಳಿಯ ಒತ್ತು ನಾಲ್ಕರಷ್ಟಾಗುತ್ತದೆ. ಅಂಥ ಒತ್ತಿನ ವಿರುದ್ಧ ಎರಡರಷ್ಟು ವೇಗದಲ್ಲಿ ಸಾಗಬೇಕಾದ್ದರಿಂದ ಬೇಕಾದ ಶಕ್ತಿ ಎಂಟರಷ್ಟು. ಗಂಟೆಗೆ 50 ಕಿಲೋಮೀಟರು ಓಡುವ ಬಸ್ಸಿನ ಮುಖದ ಪ್ರತಿ ಚದರ ಮೀಟರಿನ ಮೇಲೆ ಎದುರುಗಾಳಿಯ ಒತ್ತಡ ಸುಮಾರು 12 ಕಿಲೋಗ್ರಾಂ ತೂಕದಷ್ಟು. 322 ಕಿಲೋಮೀಟರು ವೇಗದಲ್ಲಿ ಅದೇ ಒತ್ತಡ 490 ಕಿಲೋಗ್ರಾಮಿನಷ್ಟಾಗುತ್ತದೆ. ಒಂದು ಚದರ ಮೀಟರೆಂದರೆ ಸಾಧಾರಣ ಊಟದ ಮೇಜಿನಗಲ. ಅದರ ಮೇಲೆ ಎಂಟು ಜನ ನಿಂತಂತೆ! 180 ಮೈಲಿಯಿಂದ 200 ಮೈಲಿಗೆ ಏರಬೇಕಾದರೆ, ಗಾಳಿಯ ತಡೆಯೊಂದನ್ನೇ ಲೆಕ್ಕ ಹಿಡಿದರೂ, ನೂರಕ್ಕೆ ಮೂವತ್ತೇಳರಷ್ಟು ಹೆಚ್ಚು ಶಕ್ತಿ ಬೇಕು. ಅಷ್ಟು ಅಶ್ವಶಕ್ತಿಯನ್ನು ಕಬ್ಬಿಣದಿಂದ ಹಿಂಡುವುದು ಕಷ್ಟ. ಕಾರಿನ ಆಕಾರವನ್ನು ಬದಲಾಯಿಸುವುದು ಸುಲಭ.

ಇನ್ನೊಂದು ತೊಂದರೆ ಮೇಲಕ್ಕೆ ಎಳೆಯುವ ಬಲದ್ದು. ಕಾರನ್ನು ಪಕ್ಕದಿಂದ ನೋಡಿ. ಕೆಳಗೆ ಚಪ್ಪಟೆ, ಮೇಲೆ ಉಬ್ಬು. ವಿಮಾನದ ರೆಕ್ಕೆಯ ಸೀಳಿಗೂ ಇದಕ್ಕೂ ಹೋಲಿಕೆಯಿದೆ. ಉಬ್ಬಿನ ಮೇಲೆ ಹಾಯುವ ಗಾಳಿ ವೇಗಗೊಂಡು ಅದರ ಒತ್ತಡ ತಗ್ಗುತ್ತದೆ. ಕಾರು ನೆಲದಿಂದ ಹಗುರಾಗತೊಡಗುತ್ತದೆ. ಮೇಲೆ ಹೇಳಿದ ಒತ್ತಡದ ಹತ್ತರಲ್ಲೊಂದು ಪಾಲು ಎಂಟು ಚದರ ಮೀಟರಿನ ಮೇಲೆ ಮೇಲ್ಮುಖವಾಗಿ ವರ್ತಿಸಿತೆಂದು ಭಾವಿಸಿದರೆ, ಕಾರಿನ ತೂಕದಲ್ಲಿ ಸುಮಾರು 390 ಕಿಲೋಗ್ರಾಂ ಕಳೆದುಹೋದಂತಾಯಿತು. ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯದಿದ್ದರೆ ತಿರುವಿನಲ್ಲಿ ಗತಿಯೇನು? ಎಷ್ಟು ಅಶ್ವಶಕ್ತಿಯಿದ್ದರೂ ಚಾಲಕನು ಕಾಲನ್ನು ಹಿಂದೆ ತೆಗೆಯಲೇಬೇಕು.

1968ರ ಡಾಡ್ಜ್ ಚಾರ್ಜರ್ ನೋಡಲು ಸುಂದರ, ಗಾಳಿಯ ಕಣ್ಣಿಗೆ ಮಾತ್ರ ಕುರೂಪಿ. ಅದರ ಮುಂದಿನ ಜಾಲರಿ ಒಳಸರಿದಿದ್ದು ಬಾಯಿ ತೆರೆದ ಗುಹೆಯಂತೆ ಗಾಳಿಯನ್ನು ಹಿಡಿಯುತ್ತಿತ್ತು. ಹಿಂದಿನ ಗಾಜು ಎರಡು ಕಂಬಗಳ ನಡುವೆ ತಗ್ಗಿನಲ್ಲಿದ್ದು ಅಲ್ಲಿ ಗಾಳಿ ಸುಳಿ ಸುತ್ತುತ್ತಿತ್ತು. ಮೊದಲು ಜಾಲರಿಯನ್ನು ಮುಂದೆ ತಂದು, ಗಾಜನ್ನು ಸಮತಲಕ್ಕೆ ಏರಿಸಿ ಚಾರ್ಜರ್ 500 ಎಂಬ ಕಾರನ್ನು ಮಾಡಿದರು. ಫೋರ್ಡಿನವರು ಕೂಡಲೆ ಟೊರಿನೊ ಟ್ಯಾಲಡೀಗ ಎಂಬ ನುಣುಪು ಮೂತಿಯ ಕಾರನ್ನು ತಂದು ಅದನ್ನು ಹಿಂದೆ ಹಾಕಿದರು. ಆಗ ಕ್ರೈಸ್ಲರಿನ ಎಂಜಿನಿಯರರು ಸಂಕೋಚ ಬಿಟ್ಟರು. ಆ ಸಂಸ್ಥೆ ರಾಕೆಟ್ಟುಗಳನ್ನೂ ತಯಾರಿಸುತ್ತಿತ್ತು. ಕ್ಷಿಪಣಿಗಳ ವಿಭಾಗದಲ್ಲಿ ಗಾಳಿಯ ಹರಿವನ್ನು ಅಭ್ಯಸಿಸಿದವರು ಈಗ ಕಾರಿನ ಕೆಲಸಕ್ಕೆ ಬಂದಿದ್ದರು. ಸಣ್ಣ ಮಾದರಿಗಳನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದರು, ಬಳಿಕ ನಿಜ ಗಾತ್ರದ ಕಾರನ್ನೇ ಪರೀಕ್ಷಿಸಿದರು. ಚೂಪು ಮೂತಿ ಗಾಳಿಯನ್ನು ಸೀಳಿ ತಡೆಯನ್ನು ತಗ್ಗಿಸಿತಲ್ಲದೆ, ಮುಂಭಾಗ ಮೇಲೇಳದಂತೆಯೂ ಮಾಡಿತು. ಮುಂದೀಪಗಳನ್ನು ಆ ಮೂತಿಯ ಒಳಗೆ ಮಡಚಿಟ್ಟು, ಬೇಕಾದಾಗ ಕಪ್ಪೆಯ ಕಣ್ಣಿನಂತೆ ಮೇಲೆದ್ದು ಬರುವ ಹಾಗೆ ಅಳವಡಿಸಿದರು.

ಮುಂಭಾಗ ನೆಲಕ್ಕೆ ಅಂಟಿದರೆ ಹಿಂಭಾಗ ಹಗುರಾಗುವುದು ಸಹಜ. ಅದಕ್ಕಾಗಿ ರೆಕ್ಕೆ. ವಿಮಾನದ ರೆಕ್ಕೆ ಮೇಲಕ್ಕೆತ್ತಿದರೆ, ತಲೆಕೆಳಗಾದ ರೆಕ್ಕೆ ಕೆಳಕ್ಕೆ ಒತ್ತುತ್ತದೆ. ಅದನ್ನು ಹೊತ್ತ ಅಲ್ಯೂಮಿನಿಯಂ ಕಂಬಗಳೂ ಸುಮ್ಮನೆ ನಿಂತಿರಲಿಲ್ಲ. ಮೀನಿನ ಬಾಲದಂತೆ, ವಿಮಾನದ ಬಾಲಪಟ್ಟಿಯಂತೆ, ಕಾರು ಅಡ್ಡಡ್ಡ ತೊನೆಯದೆ ನೆಟ್ಟಗೆ ಓಡುವಂತೆ ನೋಡಿಕೊಳ್ಳುತ್ತಿದ್ದವು. ರೆಕ್ಕೆಯನ್ನು ಸುಮಾರು ಎರಡು ಅಡಿ ಎತ್ತರಕ್ಕೆ ಏರಿಸಿದ್ದೇಕೆಂಬ ವಿಷಯದಲ್ಲಿ ಅಮೆರಿಕದಲ್ಲಿ ಇಂದಿಗೂ ಹರಟೆ ನಡೆಯುತ್ತದೆ. ಡಿಕ್ಕಿಯ ಮುಚ್ಚಳ ಪೂರ್ತಿ ತೆರೆಯಲೆಂದು ಎನ್ನುತ್ತಾರೆ ಕೆಲವರು. ಚಾವಣಿಯ ಹಿಂದೆ ಕದಡಿದ ಗಾಳಿಯನ್ನು ಬಿಟ್ಟು ಮೇಲಿನ ಶುದ್ಧ ಹರಿವಿಗೆ ಸಿಕ್ಕಲೆಂದು ಎನ್ನುತ್ತಾರೆ ಉಳಿದವರು. ಅಂಗಡಿಯ ಕಾರಿನ ಡಿಕ್ಕಿ ತೆರೆಯದಿದ್ದರೆ ಕೊಳ್ಳುವವರಾರು? ಹರಿವು ಶುದ್ಧವಿಲ್ಲದಿದ್ದರೆ ರೆಕ್ಕೆಯಿಂದ ಪ್ರಯೋಜನವೇನು? ಎರಡು ಕಾರಣಗಳೂ ಒಂದೇ ಎತ್ತರದಲ್ಲಿ ಕೂಡಿಬಂದುವೆಂದು ನಾವು ತಿಳಿಯುತ್ತೇವೆ.

1969ರಲ್ಲಿ ನಿಯಮದ ಪ್ರಕಾರ 500 ಕಾರುಗಳನ್ನಾದರೂ ಮಾಡಬೇಕಿತ್ತು. ಚಾರ್ಜರ್ ಡೇಟೋನಗಳ ಸಂಖ್ಯೆ 503. ಮೂರೇ ಹೆಚ್ಚು! ಲೋಭಿಯ ದಾನದಂತೆ ಎನ್ನಬೇಕು. ಅವುಗಳಲ್ಲಿಯೂ ಹೆಮಿ ಎಂಜಿನ್ನಿದ್ದವು ಸುಮಾರು 70 ಮಾತ್ರ; ಉಳಿದವುಗಳಲ್ಲಿ 440 ಘನ ಅಂಗುಲದ ಅಗ್ಗದ ಎಂಜಿನ್ನಿತ್ತು.

ಡೇಟೋನ ಮೊದಲು ಓಡಿದ್ದು 1969ರ ಸೆಪ್ಟೆಂಬರಿನಲ್ಲಿ, ಹೊಸದಾಗಿ ಕಟ್ಟಿದ ಟ್ಯಾಲಡೀಗದಲ್ಲಿ. ಸುತ್ತಳತೆ 2.66 ಮೈಲಿ, ತಿರುವುಗಳಲ್ಲಿ ರಸ್ತೆಯ ವಾಲು 33 ಡಿಗ್ರಿ. ಚಾರ್ಲಿ ಗ್ಲಾಟ್ಸ್‌ಬಾಕ್ ಎಂಬವನು ಅರ್ಹತೆಯ ಓಟದಲ್ಲಿ 199.466 ಮೈಲಿ ವೇಗ ಮುಟ್ಟಿದನು. ಎಂಜಿನ್ನು ತಡೆದುಕೊಂಡಿತು, ಮೈ ತಡೆದುಕೊಂಡಿತು, ಟೈರು ತಡೆಯಲಿಲ್ಲ. ಆ ವೇಗದಲ್ಲಿ ರಬ್ಬರು ಕಾದು ಗುಳ್ಳೆಯೆದ್ದು ಹರಿಯತೊಡಗಿತು. ರಿಚರ್ಡ್ ಪೆಟ್ಟಿಯ ನಾಯಕತ್ವದ ಚಾಲಕರ ಸಂಘ ಪ್ರಾಣಭಯವನ್ನು ಮುಂದಿಟ್ಟು ಪಂದ್ಯವನ್ನು ಬಹಿಷ್ಕರಿಸಿತು. ಹೆಸರಾಂತ ಚಾಲಕರಲ್ಲಿ ಬಹುಮಂದಿ ಕಾರುಗಳನ್ನು ಹಿಂದಕ್ಕೆ ಸಾಗಿಸಿದರು. ಆದರೂ ಪಂದ್ಯ ನಡೆಯಿತು. ಗೆದ್ದವನು ರಿಚರ್ಡ್ ಬ್ರಿಕ್‌ಹೌಸ್, ಡೇಟೋನದಲ್ಲಿ. ಆ ಮಟ್ಟದ ಪಂದ್ಯಗಳಲ್ಲಿ ಅವನು ಮತ್ತೆಂದೂ ಗೆಲ್ಲಲಿಲ್ಲ. ಯಂತ್ರದ ಒಂದು ಅಂಗ ಎಲ್ಲಕ್ಕಿಂತ ಮುಂದೆ ಹೋದರೆ ಹಿಂದುಳಿದ ಅಂಗದ ಮೇಲೆ ಮನುಷ್ಯರು ಕುಳಿತಿರುತ್ತಾರೆ. ಚಾಲಕರ ಸಂಘ ಅಂದು ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ.

ಪೆಟ್ಟಿ ಆ ವರ್ಷ ಪ್ಲಿಮತ್ ಬಿಟ್ಟು ಫೋರ್ಡಿಗೆ ಹೋಗಿದ್ದನು. ಡಾಡ್ಜ್‌ಗೆ ಕೊಟ್ಟಂಥ ಕಾರು ತನಗೂ ಬೇಕೆಂಬುದು ಅವನ ಹಟ. ಅವನನ್ನು ಮರಳಿ ಕರೆತರಲೆಂದೇ ಹುಟ್ಟಿದ್ದು 1970ರ ಪ್ಲಿಮತ್ ಸೂಪರ್‌ಬರ್ಡ್. ರೋಡ್ ರನ್ನರ್ ಎಂಬ ಕಾರಿಗೆ ಕೊಕ್ಕು ಜೋಡಿಸಿ, ರೆಕ್ಕೆ ನಿಲ್ಲಿಸಿ ಅದನ್ನು ರೂಪಿಸಿದರು. ಹಿಂದಿನ ಗಾಜಿನ ಸುತ್ತ ಬೆಸುಗೆಯ ಗುರುತುಗಳನ್ನು ನಯಗೊಳಿಸುವ ಪುರಸೊತ್ತಿಲ್ಲದೆ ಚಾವಣಿಗೆ ಕಪ್ಪು ವಿನೈಲ್ ಹೊದಿಕೆ ಹಾಕಿ ಮುಚ್ಚಿದರು. ಅದನ್ನು ಅಲಂಕಾರವೆಂದು ಭಾವಿಸಿ ಕೊಂಡವರು ಎಷ್ಟು ಮಂದಿಯೋ! ಅಷ್ಟರಲ್ಲಿ ನಿಯಮವೂ ಬಿಗಿಯಾಗಿತ್ತು. ಸಾವಿರ ಕಾರು, ಇಲ್ಲವೆ ಇಬ್ಬರು ವ್ಯಾಪಾರಿಗಳಿಗೆ ಒಂದರಂತೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು. ಪ್ಲಿಮತ್‌ಗೆ ವ್ಯಾಪಾರಿಗಳು ಬಹಳ. ಹೀಗೆ 1,900ಕ್ಕೂ ಹೆಚ್ಚು ಸೂಪರ್‌ಬರ್ಡುಗಳು ತಯಾರಾದವು.

ಪೆಟ್ಟಿ ಮರಳಿದನು. ಅವನ ತಂಡದ ಪೀಟ್ ಹ್ಯಾಮಿಲ್ಟನ್ 1970ರ ಡೇಟೋನದ ಐನೂರು ಮೈಲಿಯ ಪಂದ್ಯವನ್ನು ಸೂಪರ್‌ಬರ್ಡಿನಲ್ಲಿ ಗೆದ್ದನು. ಆ ವರ್ಷದ ಒಟ್ಟು ಪ್ರಶಸ್ತಿ ಡಾಡ್ಜ್ ಓಡಿಸಿದ ಬಾಬಿ ಐಸಾಕನಿಗೆ ಬಂದಿತು. 2006ರ ಕಾರ್ಸ್ ಎಂಬ ಚಿತ್ರವನ್ನು ಕಂಡ ವಿದ್ಯಾರ್ಥಿಗಳಿಗೆ ನೀಲಿ ಬಣ್ಣದ, ರೆಕ್ಕೆಯುಳ್ಳ, ದಿ ಕಿಂಗ್ ಎಂಬ ಹಿರಿಯ ಕಾರು ನೆನಪಿರಬಹುದು. ಅದು ಪೆಟ್ಟಿಯ ಸೂಪರ್‌ಬರ್ಡೇ. ಅದಕ್ಕೆ ದನಿ ಕೊಟ್ಟವನೂ ಪೆಟ್ಟಿಯೇ.

ಈ ವೈಭವ ಒಂದೂವರೆ ವರ್ಷದ್ದು. 1971ರಲ್ಲಿ ನ್ಯಾಸ್ಕಾರ್ ರೆಕ್ಕೆಯ ಕಾರುಗಳನ್ನು ನಿಷೇಧಿಸಲಿಲ್ಲ. ಅವುಗಳ ಎಂಜಿನ್ನು 305 ಘನ ಅಂಗುಲ ಮೀರಕೂಡದೆಂದು ಮಾತ್ರ ವಿಧಿಸಿತು. ಜಟ್ಟಿಗೆ ಗರಡಿಗೆ ಬರಬೇಡವೆನ್ನದೆ, ಒಂದು ಕೈ ಕಟ್ಟಿ ಬಾ ಎಂದಂತೆ. ಹಾಗೆಯೇ ಬಂದ ಒಂದು ಡೇಟೋನ ಆ ವರ್ಷದ ಐನೂರು ಮೈಲಿಯ ಪಂದ್ಯದಲ್ಲಿ ಡಿಕ್ ಬ್ರೂಕ್ಸನ ಕೈಯಲ್ಲಿ ಏಳನೆಯ ಸ್ಥಾನಕ್ಕೆ ಬಂದಿತು. ಗಾಳಿಯನ್ನು ಗೆದ್ದುದರ ಬೆಲೆ ಎಷ್ಟೆಂಬುದಕ್ಕೆ ಇದೊಂದು ಅಳತೆ. ಐಸಾಕನ ತಂಡ 1971ರ ಸೆಪ್ಟೆಂಬರಿನಲ್ಲಿ ತನ್ನ ಡೇಟೋನವನ್ನು ಬಾನ್‌ವಿಲ್ಲಿನ ಉಪ್ಪಿನ ಬಯಲಿಗೆ ಒಯ್ದು 217 ಮೈಲಿಗೂ ಮಿಕ್ಕ ವೇಗದ ದಾಖಲೆಗಳನ್ನು ಸ್ಥಾಪಿಸಿ ಮನೆಗೆ ಮರಳಿತು. ಅದೇ ವರ್ಷ ರಸ್ತೆಯ ಹೆಮಿಯ ತಯಾರಿಕೆಯೂ ನಿಂತಿತು. ವಿಮೆಯ ದರ ಏರಿತ್ತು, ಹೊಗೆಯ ಕಾನೂನು ಬಂದಿತ್ತು. 1973ರ ತೈಲದ ಮುಗ್ಗಟ್ಟು ಉಳಿದ ಜಟ್ಟಿಗಳನ್ನೂ ಮನೆಗೆ ಕಳುಹಿಸಿತು.

ಭದ್ರಾವತಿಯ ಕಾರ್ಖಾನೆಯೂ ಆ ವೇಳೆಗೆ ಬೇರೆ ದಾರಿ ಹಿಡಿದಿತ್ತು. ಕ್ರ್ಯಾಂಕ್ ಶಾಫ್ಟು, ಗಿಯರು, ಅಚ್ಚು ಮುಂತಾದ ತಿರುಚು ತಡೆಯುವ ಭಾಗಗಳಿಗೆ ಎರಕದ ಕಬ್ಬಿಣ ಸಾಲದು. ಕ್ರೋಮಿಯಂ, ನಿಕಲ್, ಮಾಲಿಬ್ಡಿನಂ ಬೆರೆತ ಉಕ್ಕು ಬೇಕು. 1960ರ ದಶಕದಲ್ಲಿ ಭದ್ರಾವತಿ ಇಂಥ ವಿಶೇಷ ಉಕ್ಕುಗಳತ್ತ ತಿರುಗಿತು. 1998ರಲ್ಲಿ ಭಾರತ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಆಗಸ್ಟಿನಲ್ಲಿ ಉರುಳು ಗಿರಣಿ ಮತ್ತೆ ತಿರುಗಿತು. ಮರಳಿಗೆ ಎಷ್ಟು ಅರ ಹಾಕಬೇಕೆಂದು ಬಲ್ಲ ಕೈಗಳು ಒಂದು ಊರಿನಲ್ಲಿ ತಯಾರಾಗಲು ತಲೆಮಾರುಗಳು ಬೇಕಾಗುತ್ತವೆಂಬುದನ್ನು ಇಂಥ ನಿರ್ಧಾರಗಳ ಲೆಕ್ಕಪತ್ರದಲ್ಲಿ ಯಾವ ಅಂಕಣದಲ್ಲಿ ಬರೆಯುತ್ತಾರೋ ನಾವರಿಯೆವು.

ಸೂಪರ್‌ಬರ್ಡುಗಳೋ, ತಮ್ಮ ಕಾಲದಲ್ಲಿ ಅಂಗಡಿಯ ಮೂಲೆಯಲ್ಲಿ ಕೊಳೆತವು. ಹದಿನೆಂಟು ಅಡಿಗೂ ಮಿಕ್ಕ ಉದ್ದದ, ಕೊಕ್ಕಿನ ಕಾರನ್ನು ಯಾರು ಕೊಂಡಾರು? ಕೆಲವು ವ್ಯಾಪಾರಿಗಳು ಮೂತಿಯನ್ನೂ ರೆಕ್ಕೆಯನ್ನೂ ಕಿತ್ತು, ಸಾಮಾನ್ಯ ರೋಡ್ ರನ್ನರ್ ಎಂದು ಮಾರಿಕೊಂಡರು. ಈಗ ಕಾಲ ತಿರುಗಿದೆ. ಹೆಮಿ ಎಂಜಿನ್ನಿನ ಸೂಪರ್‌ಬರ್ಡುಗಳು ಹುಟ್ಟಿದ್ದೇ ನೂರ ಮೂವತ್ತೈದರಷ್ಟು. ಅಂಥದೊಂದು 2022ರ ಹರಾಜಿನಲ್ಲಿ ಹದಿನಾರು ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಬೆಲೆಯಿದ್ದಲ್ಲಿ ನಕಲಿಯೂ ಇರುತ್ತದೆ. ಹಳೆಯ ರೋಡ್ ರನ್ನರಿಗೆ ಹೊಸ ರೆಕ್ಕೆ ತೊಡಿಸಿ ಸೂಪರ್‌ಬರ್ಡ್ ಎಂದು ತೋರಿಸುವುದು ಕಷ್ಟವಲ್ಲ. ಆದ್ದರಿಂದ ಬಲ್ಲ ಗಿರಾಕಿ ರೆಕ್ಕೆಯನ್ನು ನೋಡುವುದಿಲ್ಲ. ದೀಪ ಹಿಡಿದು ಕಾರಿನ ಕೆಳಗೆ ಬಗ್ಗಿ, ಎಂಜಿನ್ನಿನ ಒಡಲಿನ ಪಕ್ಕದಲ್ಲಿ ಎಣ್ಣೆಯ ಜಿಡ್ಡನ್ನು ಒರೆಸಿ, ಅಲ್ಲಿ ಉಬ್ಬಿ ನಿಂತಿರುವ ಅಂಕಿಗಳನ್ನು ಓದುತ್ತಾನೆ: ಎರಕದ ಸಂಖ್ಯೆ, ಎರೆದ ತಾರೀಕು. ನಮ್ಮ ಬೀದಿಗಳ ಚರಂಡಿಯ ಕಬ್ಬಿಣದ ಮುಚ್ಚಳದ ಮೇಲೆ ಅಕ್ಷರಗಳು ಮೂಡಿರುವಂತೆ, ಅವೂ ಎರಕದ ಮನೆಯ ಮರಳಿನಲ್ಲಿಯೇ ಮೂಡಿದವು.